ಕೋಡಿ ಸೇತುವೆಯ ಬಲೆ ಬಿರುಕಿಗೆ ಲಿಥಿಯಂ ಹೊಡೆಸಬಹುದಾ?

ಪ್ರಶ್ನೆ (ಗುಬ್ಬಿ): ಸರ್, ಕೆರೆ ಕೋಡಿ ಮೇಲಿನ ಸಣ್ಣ ಸೇತುವೆ, 22 ವರ್ಷ ಹಳೆಯದು. ಪಕ್ಕದ ಗೋಡೆ ತುಂಬ ಬಲೆ ಹೆಣೆದ ಹಾಗೆ ಬಿರುಕು, ಬಿಳಿ ಅಂಟು ಒಸರಿದೆ. ಲಿಥಿಯಂ ನೈಟ್ರೇಟ್ ಎರಡು ಕೋಟ್ ಹೊಡೆದರೆ ನಿಲ್ಲುತ್ತೆ ಅಂತಾರೆ ಗುತ್ತಿಗೆದಾರರು. ಹೊಡೆಸಲಾ?

ಉತ್ತರ: ಮೊದಲು ರೋಗ ಯಾವುದು ಅಂತ ಗೊತ್ತಾಗಲಿ. ಬಿಳಿ ಕಲೆಗೆ ದುರ್ಬಲ ಆಸಿಡ್ ಹನಿ ಹಾಕಿದಾಗ ನೊರೆ ಬಂದರೆ ಸುಣ್ಣ ಅನ್ನುವುದುಂಟು, ಆದರೆ ಜಲ್ಲಿಯ ರೋಗದಿಂದ ಒಸರುವ ಅಂಟು, ಅಂದರೆ ಜೆಲ್, ಗಾಳಿಗೆ ಹಳತಾದರೆ ಅದೂ ನೊರೆ ಕೊಡುತ್ತೆ. ಹಾಗಾಗಿ 100 ಮಿ.ಮೀ. ವ್ಯಾಸದ ಕೋರ್ (ಗೋಡೆ ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಜಲ್ಲಿಯ ಅಂಚಿನಲ್ಲಿ ಕಪ್ಪು ಸುತ್ತು, ಜಲ್ಲಿಯೊಳಗೇ ಸೀಳು, ಸೀಳಿನಲ್ಲಿ ಜೆಲ್ ಕಂಡರೆ ಕ್ಷಾರ-ಸಿಲಿಕಾ ಕ್ರಿಯೆಯೇ, ಅಂದರೆ ಸಿಮೆಂಟಿನ ಕ್ಷಾರ ಜಲ್ಲಿಯ ಸಿಲಿಕಾ ಜೊತೆ ಸೇರಿ ಊದುವ ಜೆಲ್ ಆಗುವುದು. ನಮ್ಮ ಕಡೆಯ ನೈಸ್ (ಪಟ್ಟೆಪಟ್ಟೆಯ ಗಟ್ಟಿ ಕಲ್ಲು), ಗ್ರಾನೈಟ್ ಜಲ್ಲಿಯಲ್ಲಿ ಭೂಮಿಯ ಒತ್ತಡಕ್ಕೆ ಸಿಕ್ಕಿದ ಕ್ವಾರ್ಟ್ಜ್ ಇದ್ದರೆ ಅದು ಬಹಳ ನಿಧಾನಕ್ಕೆ ಕ್ರಿಯೆಗೆ ಬೀಳುತ್ತೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಬಿರುಕು ಕಾಣುವುದು ಅದಕ್ಕೇ.

ಇನ್ನು ಲಿಥಿಯಂ. ಗಟ್ಟಿಯಾದ ಕಾಂಕ್ರೀಟಿಗೆ ಹೊಡೆದ ದ್ರಾವಣ ಕೆಲವೇ ಮಿ.ಮೀ. ಒಳಗಿಳಿಯುತ್ತೆ, ಜೆಲ್ ಊದುತ್ತಿರುವುದು ಗೋಡೆಯ ಹೊಟ್ಟೆಯಲ್ಲಿ. ದುಡ್ಡು ಗೋಡೆ ಮೇಲೆ ಒಣಗುತ್ತೆ, ಅಷ್ಟೇ.

ಪ್ರಶ್ನೆ: ಕರೆಂಟ್ ಕೊಟ್ಟು ಒಳಗೆ ಎಳೆಸುವ ವಿಧಾನ ಇದೆಯಂತಲ್ಲ ಸರ್?

ಉತ್ತರ: ಇದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಋಣಧ್ರುವ ಮಾಡಿದರೆ ಲಿಥಿಯಂ ಆಳಕ್ಕೆ ಹೋಗುತ್ತೆ. ಜೊತೆಗೆ ಸೋಡಿಯಂ, ಪೊಟ್ಯಾಸಿಯಂ ಕೂಡ ಸರಳಿನ ಸುತ್ತ ಬಂದು ಸೇರುತ್ತೆ, ಕ್ಷಾರ ಹೆಚ್ಚುತ್ತೆ. ಈ ಸೇತುವೆಗೆ ನಾನು ಒಪ್ಪಲ್ಲ.

ಮಾಡಬೇಕಾದದ್ದು ನೀರಿನ ಕೆಲಸ. ಜೆಲ್ ಊದಲು ನೀರು ಬೇಕು. ಕಾಂಕ್ರೀಟಿನೊಳಗಿನ ತೇವ (ಸಾಪೇಕ್ಷ ಆರ್ದ್ರತೆ) 80%ಕ್ಕಿಂತ ಕೆಳಗಿಳಿದರೆ ಊತ ಹೆಚ್ಚುಕಡಿಮೆ ನಿಲ್ಲುತ್ತೆ. ಕಟ್ಟಿಕೊಂಡ ವೀಪ್ ಹೋಲ್ (ಗೋಡೆಯ ಹಿಂದಿನ ನೀರು ಹೊರಬರುವ ತೂತು) ಬಿಡಿಸಿ, ಡೆಕ್ ಜಾಯಿಂಟಿನ (ಸೇತುವೆ ಚಪ್ಪಡಿಯ ಕೂಡುಜಾಗ) ಸೋರಿಕೆ ನಿಲ್ಲಿಸಿ, ಮಳೆನೀರು ಗೋಡೆ ಮೇಲೆ ಇಳಿಯದ ಹಾಗೆ ಪೈಪ್ ಹೊರಚಾಚಿ. ಗೋಡೆ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಬೇಸಿಗೆಯಲ್ಲಿ ಸಿಲೇನ್ ಅನ್ನುವ ಜಲನಿರೋಧಕ ದ್ರವ ಹೊಡೆಸಿ. ಅದು ನೀರನ್ನು ತಡೆದು ಆವಿಯನ್ನು ಹೊರಬಿಡುತ್ತೆ. ಆವಿ ಬಿಡದ ದಪ್ಪ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತೆ. ಗೋಡೆಯ ಹಿಂದಿನ ಮಣ್ಣು ಸದಾ ಹಸಿ ಇದ್ದರೆ ಸಿಲೇನ್ ಒಂದರಿಂದ ಏನೂ ಆಗಲ್ಲ.

ಬಿರುಕಿಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬುವ ಆತುರ ಬೇಡ. ಎರಡು ಗುರುತು ಹಾಕಿ ಅಗಲವನ್ನು ಒಂದು ವರ್ಷ ಅಳೆಯಿರಿ. ಊತ ನಡೆಯುತ್ತಿರುವಾಗ ತುಂಬಿಸಿದರೆ ಪಕ್ಕದಲ್ಲೇ ಹೊಸದು ಸೀಳುತ್ತೆ.

ಪ್ರಶ್ನೆ (ಸಿರಾ): ಹಾಗಾದರೆ ಲಿಥಿಯಂ ಯಾವುದಕ್ಕೂ ಬೇಡವಾ?

ಉತ್ತರ: ಒಡೆದು ಹೊಸದಾಗಿ ಹಾಕುವ ಕಾಂಕ್ರೀಟಿಗೆ ಸರಿ. ಲಿಥಿಯಂ ನೈಟ್ರೇಟಿನ 30% ದ್ರಾವಣ, ಮಿಶ್ರಣದ ಪ್ರತಿ ಕೆ.ಜಿ. ಕ್ಷಾರಕ್ಕೆ 4.6 ಲೀಟರ್. ಘನಮೀಟರಿಗೆ 360 ಕೆ.ಜಿ. ಸಿಮೆಂಟ್, ಕ್ಷಾರ 0.6% ಅಂದರೆ 2.16 ಕೆ.ಜಿ.; ಸುಮಾರು 10 ಲೀಟರ್ ದ್ರಾವಣ. ಅದರಲ್ಲೇ 8.4 ಲೀಟರ್ ನೀರು ಇರುವುದರಿಂದ ಅಷ್ಟನ್ನು ಕಲಸುವ ನೀರಿನಲ್ಲಿ ಕಳೆಯಬೇಕು, ಸೈಟಿನಲ್ಲಿ ಇದನ್ನೇ ಮರೆಯುತ್ತಾರೆ. ಕೆಲವು ಜಲ್ಲಿಗೆ ಈ ಪ್ರಮಾಣ ಸಾಲದು, ಟ್ರಯಲ್ ಪ್ರಿಸಂ (ಊತ ಅಳೆಯುವ ಕಾಂಕ್ರೀಟ್ ಪಟ್ಟಿ) ಹಾಕಿ ನೋಡಿ. ನಿಜ ಹೇಳಬೇಕೆಂದರೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 (2000) ಹೇಳುವ ಕನಿಷ್ಠ 20% ಹಾರುಬೂದಿ ಅಥವಾ ಕನಿಷ್ಠ 50% ಸ್ಲ್ಯಾಗ್ (ಉಕ್ಕಿನ ಕುಲುಮೆಯ ಕಿಟ್ಟದ ಪುಡಿ) ಅಗ್ಗ, ಅದೂ 0.6% ಮೀರದ ಕ್ಷಾರದ ಸಿಮೆಂಟಿನ ಜೊತೆ.