ನಿಸಾನ್ ಒನ್ ಟನ್‌ಗೆ 407ರ ಎಂಜಿನ್: 45ರಲ್ಲಿ ನಡುಕ, ಘಾಟಿ ಇಳಿಯುವಾಗ ಇನ್ನೂ ಜೋರು

ಪೆರ್ಲದ ಒನ್ ಟನ್:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದು ನಡುಕದ ಹಿಂದೆ ಬಿದ್ದಿದ್ದೇನೆ, ಕೈಗೆ ಸಿಗ್ತಾ ಇಲ್ಲ. ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ಗಾಡಿ ನಿಸಾನ್ ಒನ್ ಟನ್, ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಕಟ್ಟಿದ್ದು. ಅಪ್ಪ ಮಿಲಿಟರಿ ಡಿಸ್ಪೋಸಲ್ ಹರಾಜಿನಲ್ಲಿ ಹಿಡಿದದ್ದು. ತೋಟದ ಗೊಬ್ಬರ, ಅಡಿಕೆ ಮೂಟೆ, ಈಗಿನ ಮನೆಯ ಕೆಂಪುಕಲ್ಲು ಎಲ್ಲ ಇದರಲ್ಲೇ ಬಂದದ್ದು. ಮೂಲ ಎಂಜಿನ್ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್. ಲೋಡ್ ಇದ್ದರೆ ಲೀಟರಿಗೆ ಮೂರೂವರೆ ಕಿಲೋಮೀಟರ್ ಸಿಕ್ಕಿದರೆ ಹೆಚ್ಚು. ಕೊನೆಗೆ ಬ್ಲಾಕ್‌ನಲ್ಲಿ ಗೆರೆ ಬಿತ್ತು, ಪಾರ್ಟ್ಸ್ ಸಿಗಲಿಲ್ಲ. ಗೇರ್‌ಬಾಕ್ಸೂ ಹೋಗಿತ್ತು. ಹಾಗೆ ಟಾಟಾ 407ರ 497 ಡೀಸೆಲ್ ಎಂಜಿನ್, ಅದರ ಹಿಂದೆ ಜೋಂಗಾದ (ಅದೇ ಫ್ಯಾಕ್ಟರಿಯ ಮಿಲಿಟರಿ ಜೀಪು) ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ನಡುವೆ ಲೇತ್‌ನಲ್ಲಿ ಮಾಡಿಸಿದ ಅಡಾಪ್ಟರ್ ಪ್ಲೇಟ್. ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದೆ.

ಎಂಜಿನ್ ಬಗ್ಗೆ ದೂರಿಲ್ಲ. ಒಂದೇ ಹೊಡೆತಕ್ಕೆ ಸ್ಟಾರ್ಟ್, ಏರಿನಲ್ಲಿ ಸೆಕೆಂಡ್ ಗೇರಲ್ಲಿ ಹಟ ಹಿಡಿದು ಎಳೀತದೆ. ತೊಂದರೆ ಇರುವುದು ಬೇರೆ ಕಡೆ. 40 ದಾಟಿದ ಕೂಡಲೇ ಸೀಟಿನ ಅಡಿಯಿಂದ ಗುಂಯ್ ಅಂತ ನಡುಕ ಶುರು, 45-50ರಲ್ಲಿ ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುವುದಿಲ್ಲ, 60ರ ಹತ್ತಿರ ಸ್ವಲ್ಪ ಕಡಿಮೆ. ಆಕ್ಸಿಲರೇಟರಿಂದ ಕಾಲು ತೆಗೆದರೆ ಜೋರಾಗ್ತದೆ.

ಕಳೆದ ತಿಂಗಳು ನಮ್ಮ ಹಳೆಗಾಡಿ ಗುಂಪು ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋದದ್ದು. ಹೋಗುವಾಗ ಹಿಂದಿನ ಬೆಂಚಿನಲ್ಲಿ ಎಂಟು ಮಕ್ಕಳು ಹಾಡು ಹೇಳ್ತಾ ಕೂತಿದ್ದರು. ವಾಪಸು ಇಳಿಯುವಾಗ ನಡುಕ ಕೇಳಿ ಒಬ್ಬೊಬ್ಬರಾಗಿ ಸುಮ್ಮನಾದರು. ಕರಿಕೆ ಹತ್ತಿರ ನಿಲ್ಲಿಸಿ ಮಕ್ಕಳನ್ನು ಬೇರೆ ಜೀಪುಗಳಿಗೆ ಹತ್ತಿಸಿದೆ. ಆ ದಿನ ಮನಸ್ಸಿಗೆ ತುಂಬ ಬೇಸರವಾಯಿತು. ಅಪ್ಪ ಇದೇ ಗಾಡಿಯಲ್ಲಿ ನಮ್ಮನ್ನೆಲ್ಲ ಕೂರಿಸಿ ಪೊಸಡಿಗುಂಪೆ ಗುಡ್ಡಕ್ಕೆ ಹೋಗ್ತಿದ್ದರು, ಒಂದು ದಿನವೂ ಯಾರಿಗೂ ಹೆದರಿಕೆ ಆದದ್ದಿಲ್ಲ.

ಇದುವರೆಗೆ ಮಾಡಿದ್ದು: ನಾಲ್ಕೂ ಚಕ್ರ ಬ್ಯಾಲೆನ್ಸ್, ಎಂಜಿನ್ ಮೌಂಟಿಂಗ್ ರಬ್ಬರ್ ಹೊಸತು, ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಜಾಯಿಂಟ್ ಕ್ರಾಸ್ ಹೊಸತು. ಕ್ರಾಸ್ ಬದಲಿಸಿದ ಮೇಲೆ ಹೆಚ್ಚಾದ ಹಾಗೆ ನನಗೆ ಕಾಣ್ತದೆ. ಈಗ ಮೇಸ್ತ್ರಿ ಕ್ಲಚ್ ಪ್ಲೇಟ್, ಫ್ಲೈವೀಲ್ ಬಿಚ್ಚುವ ಅಂತ ಹೇಳ್ತಿದ್ದಾರೆ. ಬಿಚ್ಚಬೇಕಾ?

ಇನ್ನೆರಡು ವಿಷಯ. ಉದ್ದ ಏರಿನಲ್ಲಿ ನೀರು ಬಿಸಿಯಾಗ್ತದೆ, ಸಮತಟ್ಟಿನಲ್ಲಿ ಇಲ್ಲ. ಮತ್ತೆ, ಈ ಗಾಡಿಗೆ ವಿಂಟೇಜ್ ನಂಬರ್ ಸಿಗಬಹುದಾ?

ಕುಂಬಳೆ ಡೀಸೆಲ್:

ಬಿಸಿಯದ್ದು ನಾನು ಹೇಳ್ತೇನೆ. ಆರು ಸಿಲಿಂಡರ್ ಇದ್ದ ಜಾಗದಲ್ಲಿ ನಾಲ್ಕು ಸಿಲಿಂಡರ್ ಕೂರಿಸಿದರೆ ಎಂಜಿನ್ ಗಿಡ್ಡ, ಫ್ಯಾನ್ ರೇಡಿಯೇಟರಿಂದ ಹಿಂದೆ ಉಳೀತದೆ. ನಿಮ್ಮದರಲ್ಲಿ ಎಷ್ಟು ಅಂತರ ಉಂಟು? ಒಂದು ಗೇಣು ಇದ್ದರೆ ಫ್ಯಾನ್ ಎಳೆಯುವುದು ಬಾನೆಟ್ ಒಳಗಿನ ಬಿಸಿಗಾಳಿಯನ್ನೇ. ಓಡುವಾಗ ಮುಂದಿನಿಂದ ಗಾಳಿ ನುಗ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಏರಿನಲ್ಲಿ ನಿಧಾನ ಹೋಗುವಾಗ ಫ್ಯಾನೇ ಗತಿ. ತಗಡಿನಲ್ಲಿ ರೇಡಿಯೇಟರಿನ ಪೂರ್ತಿ ಅಗಲಕ್ಕೆ ಒಂದು ಕವಚ ಬಡಿಸಿ. ಫ್ಯಾನಿನ ಎಲೆ ಅರ್ಧ ಕವಚದ ಒಳಗೆ, ಅರ್ಧ ಹೊರಗೆ ಇರಬೇಕು, ಸುತ್ತ ಬೆರಳು ಹೋಗುವಷ್ಟು ಸಂದು ಸಾಕು. ಹೊಸ ರೇಡಿಯೇಟರಿಗೆ ದುಡ್ಡು ಹಾಕಬೇಡಿ.

ಮತ್ತೆ ಬ್ರೇಕ್ ಬೂಸ್ಟರ್ ಇದ್ದರೆ ಅದರ ವ್ಯಾಕ್ಯೂಂ ಎಲ್ಲಿಂದ ಬರ್ತದೆ ನೋಡಿದ್ದೀರಾ? ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡ್‌ನಲ್ಲಿ ತಾನಾಗಿ ಸಿಗ್ತಿತ್ತು. ಡೀಸೆಲಿಗೆ ಪಂಪೇ ಬೇಕು.

ಪೆರ್ಲದ ಒನ್ ಟನ್:

ಪಂಪ್ ಉಂಟು ಅಣ್ಣ, ಡೈನಮೋ ಹಿಂದೆಯೇ ಕೂತಿದೆ, ಬ್ರೇಕ್ ಚೆನ್ನಾಗಿದೆ. ಫ್ಯಾನ್ ಅಂತರ ಅಳೆದೆ, ಒಂಬತ್ತು ಇಂಚು! ಕವಚ ಮಾಡಿಸ್ತೇನೆ.

ಉಪ್ಪಳದ ಲೇತ್:

ಪೆರ್ಲದವರೆ, ಕ್ಲಚ್ ಬಿಚ್ಚಬೇಡಿ. ಎಂಜಿನ್ನನ್ನು ಮುಟ್ಟುವುದೇ ಬೇಡ ಈಗ.

ಮೊದಲು ಒಂದು ಪರೀಕ್ಷೆ. ಸಮತಟ್ಟು, ಖಾಲಿ ರಸ್ತೆ ನೋಡಿ 45ರಲ್ಲಿ ಟಾಪ್ ಗೇರಲ್ಲಿ ಹೋಗಿ, ಆಮೇಲೆ ಅದೇ 45ರಲ್ಲಿ ಒಂದು ಗೇರ್ ಕಡಿಮೆ ಹಾಕಿ. ಎಂಜಿನ್ ಈಗ ಬೇರೆ ವೇಗದಲ್ಲಿ ತಿರುಗ್ತದೆ, ಆದರೆ ಟ್ರಾನ್ಸ್‌ಫರ್ ಕೇಸಿನ ಹಿಂದಿನದ್ದೆಲ್ಲ ಅದೇ ವೇಗ. ನಡುಕ ಬದಲಾಗದಿದ್ದರೆ ಎಂಜಿನ್, ಕ್ಲಚ್, ಫ್ಲೈವೀಲ್ ಮೂರೂ ನಿರಪರಾಧಿಗಳು. ಕೊನೆಗೆ 45ರಲ್ಲೇ ನ್ಯೂಟ್ರಲ್ ಮಾಡಿ ಹಾಗೇ ಹೋಗಲು ಬಿಡಿ. ಇದನ್ನು ಇಳಿಜಾರಿನಲ್ಲಿ ಯಾವ ಕಾರಣಕ್ಕೂ ಮಾಡಬೇಡಿ.

ಎರಡನೆಯದು ಲೆಕ್ಕ. ನಿಮ್ಮ ಟೈರ್ 7.50-16 ಇರಬೇಕು, ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡೂವರೆ ಮೀಟರ್. ಕ್ರೌನ್ ರೇಶಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಎಷ್ಟು ಸುತ್ತು ಅಂತ, ಗೊತ್ತಿಲ್ಲದಿದ್ದರೆ ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಮಾಡಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಐದರ ಹತ್ತಿರ ಬಂದರೆ, 45ರಲ್ಲಿ ಶಾಫ್ಟ್ ನಿಮಿಷಕ್ಕೆ 1500, ಅಂದರೆ ಸೆಕೆಂಡಿಗೆ 25 ಸುತ್ತು. ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ದರೆ ಸುತ್ತಿಗೆ ಒಂದು ಪೆಟ್ಟು, ವೇಗ ಹೆಚ್ಚಿದಷ್ಟೂ ಹೆಚ್ಚು. ಜಾಯಿಂಟ್ ಕೋನದ ತೊಂದರೆಗೆ ಸುತ್ತಿಗೆ ಎರಡು ಪೆಟ್ಟು, ಸೆಕೆಂಡಿಗೆ 50. ನೀವು ದಡದಡ ಅನ್ನಲಿಲ್ಲ, ಗುಂಯ್ ಅಂದಿರಿ, 60ರಲ್ಲಿ ಕಡಿಮೆ ಅಂದಿರಿ. ನನಗೆ ಸಂಶಯ ಬಂದದ್ದು ಅಲ್ಲೇ.

ಯಾಕೆ ಎರಡು ಪೆಟ್ಟು ಅಂದರೆ, ಕ್ರಾಸ್ ಜಾಯಿಂಟ್ ಮಡಚಿಕೊಂಡು ತಿರುಗುವಾಗ ಆಚೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಓಡ್ತದೆ, ಎರಡು ಸಲ ಹಿಂಜರೀತದೆ. ಹಿಂದಿನ ಜಾಯಿಂಟ್ ಇದಕ್ಕೆ ಸರೀ ಉಲ್ಟಾ ಮಾಡಿ ಲೆಕ್ಕ ಚುಕ್ತಾ ಮಾಡಬೇಕು. ಅದಕ್ಕೆ ಎರಡು ಶರತ್ತು. ಮುಂದಿನ ಜಾಯಿಂಟಿನ ಕೋನವೂ ಹಿಂದಿನದ್ದೂ ಸಮ ಇರಬೇಕು, ಒಂದು ಡಿಗ್ರಿಯ ಒಳಗೆ. ಮತ್ತೆ ಶಾಫ್ಟಿನ ಎರಡೂ ತುದಿಯ ಯೋಕ್ ಕಿವಿಗಳು (ಕ್ರಾಸ್ ಹಿಡಿಯುವ ಕವಲು) ಒಂದೇ ನೇರಕ್ಕೆ ಇರಬೇಕು.

ಎಂಜಿನ್ ಬದಲಿಸಿದ ಗಾಡಿಯಲ್ಲಿ ಮೊದಲನೆಯದು ತಪ್ಪುವುದು ಹೆಚ್ಚು. ಚೇಂಬರ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಮುಂದಿನ ಆಕ್ಸಲ್ ಹೌಸಿಂಗಿಗೆ ತಾಗ್ತದೆ ಅಂತ ಎಂಜಿನ್ನಿನ ಮೂತಿ ಎತ್ತುತ್ತಾರೆ. ಮೂತಿ ಎತ್ತಿದರೆ ಬಾಲ ತಗ್ಗಿತು. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಫ್ಲೇಂಜ್ (ಶಾಫ್ಟಿಗೆ ಬೋಲ್ಟ್ ಹಾಕುವ ಬಿಲ್ಲೆ) ನೆಲ ನೋಡ್ತದೆ, ಹಿಂದಿನ ಪಿನಿಯನ್ (ಶಾಫ್ಟ್ ಹಿಂದಿನ ಹೌಸಿಂಗಿಗೆ ಸೇರುವ ಮೂತಿ) ಮಾತ್ರ ಜಬಲ್ಪುರದವರು ಇಟ್ಟಲ್ಲೇ ಉಂಟು. ಎರಡನೆಯದು ತಪ್ಪುವುದು ಕ್ರಾಸ್ ಬದಲಿಸಲು ಶಾಫ್ಟ್ ಬಿಚ್ಚುವಾಗ. ಶಾಫ್ಟಿನ ನಡುವೆ ಜಾರುವ ಹಲ್ಲಿನ ಜೋಡಣೆ ಉಂಟಲ್ಲ, ಆ ಸ್ಪ್ಲೈನನ್ನು ಗುರುತು ಹಾಕದೆ ಎಳೆದು, ಹೇಗೋ ತಿರುಗಿ ಹಾಕಿರ್ತಾರೆ. ಕ್ರಾಸ್ ಹಾಕಿದ ಮೇಲೆ ಹೆಚ್ಚಾಯಿತು ಅಂದಿರಲ್ಲ, ಅದಕ್ಕೆ ಹೇಳಿದೆ.

ಗಾಡಿಯನ್ನು ಸಮತಟ್ಟಿನಲ್ಲಿ, ಚಕ್ರದ ಮೇಲೆಯೇ ನಿಲ್ಲಿಸಿ ಅಳೆಯಿರಿ. ಜಾಕಿಯಲ್ಲಿ ಎತ್ತಿ ಅಳೆದರೆ ಸ್ಪ್ರಿಂಗ್ ಪ್ಲೇಟ್ ಇಳಿದು ಕೋನ ಸುಳ್ಳಾಗ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಸಾಕು, ಫ್ಲೇಂಜಿನ ಮುಖಕ್ಕೆ ಒತ್ತಿ ಹಿಡಿಯಿರಿ. ಒಂದು ಮಾತು ಮಾತ್ರ ಮರೀಬೇಡಿ: ಜೋಂಗಾದಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ. ಪ್ರೊಪೆಲ್ಲರ್ ಬಿಚ್ಚಿದ ಮೇಲೆ ನಿಮಗೆ ಹ್ಯಾಂಡ್‌ಬ್ರೇಕ್ ಇಲ್ಲ. ಚಕ್ರ ಎತ್ತುವಾಗಲೂ, ಶಾಫ್ಟ್ ಬಿಚ್ಚುವಾಗಲೂ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೇ ಅಡಿಗೆ ಹೋಗಿ.

ಕಾಸರಗೋಡು ಕೆಎಲ್ 14:

ವಿಂಟೇಜ್ ನಂಬರಿನ ಬಗ್ಗೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಇದನ್ನು ಸೇರಿಸಿದರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಬಾಡಿಗೆ ವ್ಯವಹಾರದ್ದಾಗಿರಬಾರದು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಿಕ್ಕಿದರೆ ನಂಬರಿನ ನಡುವೆ ವಿಎ ಅಂತ ಬರ್ತದೆ. ಡೀಸೆಲ್ ಕೂತ ಮೇಲೆ ನಿಮ್ಮ ಗಾಡಿಗೆ ಆ ಬಾಗಿಲು ಇಲ್ಲ. ಅದರಿಂದ ಬೇಸರ ಬೇಡ, ವಿಎ ನಂಬರಿನ ಗಾಡಿಯನ್ನು ಪ್ರದರ್ಶನ, ರ್‍ಯಾಲಿ ಬಿಟ್ಟು ದಿನನಿತ್ಯಕ್ಕೆ ರಸ್ತೆಗಿಳಿಸುವ ಹಾಗಿಲ್ಲ. ನೀವು ಗೊಬ್ಬರ ತರುವವರು.

ಇದನ್ನು ಓದಿ ಎಂಜಿನ್ ಬದಲಿಸಲು ಹೊರಟವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿ, ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ. ಕೆಲಸ ಮುಗಿಸಿ ಹೋದರೆ ಕಷ್ಟ. ಹಳೆ ಎಂಜಿನ್ ಗುಜರಿಗೆ ಹಾಕಬೇಡಿ ಅಂತ ನನ್ನ ಕಳಕಳಿಯ ಕೋರಿಕೆ.

ಪೆರ್ಲದ ಒನ್ ಟನ್:

ಉಪ್ಪಳದ ಅಣ್ಣ, ನಿಮ್ಮ ಮಾತು ಅಕ್ಷರಕ್ಕಕ್ಷರ ನಿಜ ಆಯಿತು. ವಿವರ ಬರೀತೇನೆ, ಇನ್ನೊಬ್ಬರಿಗೆ ಉಪಯೋಗ ಆಗಲಿ.

ಗೇರ್ ಬದಲಿಸಿದರೂ, ನ್ಯೂಟ್ರಲ್ ಮಾಡಿದರೂ 45ರ ಗುಂಯ್ ಹಾಗೇ ಇತ್ತು. ಆ ರಾತ್ರಿಯೇ ಮೇಸ್ತ್ರಿಗೆ ಫೋನ್ ಮಾಡಿ ಕ್ಲಚ್ ಬಿಚ್ಚುವುದು ಬೇಡ ಅಂದೆ.

ಮರುದಿನ ಅಂಗಳದಲ್ಲಿ, ನಾಲ್ಕು ಕೆಂಪುಕಲ್ಲು ಕೊಟ್ಟು, ಗೋಣಿ ಹಾಸಿ ಅಡಿಗೆ ಹೋದೆ. ಸ್ಪ್ಲೈನಿನ ಮೇಲೆ ಮಣ್ಣೂ ಗ್ರೀಸೂ ಸೇರಿ ಮೇಣದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದೆ, ಉಗುರಿನಿಂದ ಕೆರೆದೆ. ಮೊದಲು ಸ್ಲೀವಿನ ಮೇಲೆ ಒಂದು ಬಾಣದ ಗುರುತು ಕಂಡಿತು, ಗಿಡ್ಡ, ಅರ್ಧ ಇಂಚಿನದ್ದು. ಇನ್ನೂ ಉಜ್ಜಿದಾಗ ಶಾಫ್ಟಿನ ಮೇಲೆ ಇನ್ನೊಂದು. ಎರಡೂ ಒಂದನ್ನೊಂದು ನೋಡಬೇಕಿತ್ತು. ಎರಡು ಹಲ್ಲು ಆಚೆ ಇತ್ತು. ಗಾಡಿ ಕಟ್ಟುವಾಗ ಯಾರೋ ಒಬ್ಬರು ಮುಂದೆ ಬಿಚ್ಚುವವನಿಗೆ ಅಂತ ಹೊಡೆದು ಇಟ್ಟ ಗುರುತು ಅದು. ಅಷ್ಟು ವರ್ಷ ಮಣ್ಣಿನ ಅಡಿಯಲ್ಲಿ ಉಳಿದಿತ್ತು. ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.

ಬಾಣಕ್ಕೆ ಬಾಣ ಕೂಡಿಸಿ ಹಾಕಿದೆ. ಮುಕ್ಕಾಲು ಪಾಲು ನಡುಕ ಅಲ್ಲಿಗೇ ಹೋಯಿತು.

ಉಳಿದದ್ದು ಕೋನ. ಫ್ಲೇಂಜ್ 7 ಡಿಗ್ರಿ ಕೆಳಗೆ, ಪಿನಿಯನ್ 2 ಡಿಗ್ರಿ ಮೇಲೆ, ಶಾಫ್ಟಿನ ಇಳಿಜಾರು 9. ಅಂದರೆ ಮುಂದಿನ ಜಾಯಿಂಟ್ 2, ಹಿಂದಿನದ್ದು 7. ನೀವು ಹೇಳಿದ ಹಾಗೆಯೇ ಚೇಂಬರ್ ತಾಗ್ತದೆ ಅಂತ ಮೂತಿ ಎತ್ತಿದ್ದರು. ಈಗ ಚೇಂಬರಿನ ಮುಂದಿನ ಮೂಲೆ ಕೊಯ್ದು ವೆಲ್ಡ್ ಮಾಡಿಸಿ ಮೂತಿ ಇಳಿಸಿದೆ, ಹಿಂದಿನ ಅಡ್ಡಪಟ್ಟಿಯನ್ನು ಸ್ವಲ್ಪ ಎತ್ತಿದೆ. ಫ್ಲೇಂಜ್ 4ಕ್ಕೆ ಬಂತು. ಹೌಸಿಂಗ್ ಮತ್ತು ಪ್ಲೇಟಿನ ನಡುವೆ 2 ಡಿಗ್ರಿಯ ಬೆಣೆ ಹಾಕಿ ಪಿನಿಯನನ್ನೂ 4 ಮಾಡಿದೆ. ಹಿಂದೆ ಎತ್ತಿದ್ದರಿಂದ ಶಾಫ್ಟಿನ ಇಳಿಜಾರು ಒಂಬತ್ತೂವರೆ ಆಯಿತು, ಹಾಗಾಗಿ ಈಗ ಎರಡೂ ಜಾಯಿಂಟ್ ಐದೂವರೆ. ಬೆಣೆಯ ದಪ್ಪ ತುದಿ ಯಾವ ಕಡೆ ಅಂತ ನಾನೂ ಮೇಸ್ತ್ರಿಯೂ ಅರ್ಧ ಗಂಟೆ ವಾದ ಮಾಡಿದೆವು. ಪ್ಲೇಟ್ ಹೌಸಿಂಗಿನ ಮೇಲೆ ಕೂತ ಗಾಡಿಯಲ್ಲಿ ಪಿನಿಯನಿನ ಮೂತಿ ಏಳಬೇಕಾದರೆ ದಪ್ಪ ತುದಿ ಹಿಂದಕ್ಕೆ.

ಈಗ 45, 50, 60 ಎಲ್ಲಿಯೂ ಏನೂ ಇಲ್ಲ. ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಬಹುದು. ತಗಡಿನ ಕವಚ ಹಾಕಿದ ಮೇಲೆ ಬಿಸಿಯೂ ಇಲ್ಲ.

ಹಳೆ ಎಂಜಿನ್ ಗುಜರಿಗೆ ಹೋಗಲಿಲ್ಲ. ಅಡಿಕೆ ಕೊಟ್ಟಿಗೆಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ಉಂಟು. ಪ್ಲಗ್ ತೆಗೆದು ಆರೂ ಸಿಲಿಂಡರಿಗೆ ಎಣ್ಣೆ ಬಿಟ್ಟು ತಿಂಗಳಿಗೊಮ್ಮೆ ಕೈಯಲ್ಲಿ ತಿರುಗಿಸ್ತೇನೆ. ಪೊಸಡಿಗುಂಪೆಯ ಕೊನೆಯ ಏರಿನಲ್ಲಿ, ಬೆಳಗಿನ ಮಂಜಿನಲ್ಲಿ, ಅದರ ಸ್ವರ ನುಣ್ಣಗೆ ಒಂದೇ ಎಳೆಯಲ್ಲಿ ಬರ್ತಿತ್ತು. ಅಪ್ಪ ಮೇಲೆ ಮುರಕಲ್ಲಿನ ಬಯಲಿನಲ್ಲಿ ಎಂಜಿನ್ ಆಫ್ ಮಾಡಿ, ಬಾನೆಟ್ ಮೇಲೆ ಬಾಳೆಎಲೆ ಹಾಸಿ ಅವಲಕ್ಕಿ ಬಡಿಸ್ತಿದ್ದರು. ಎಲೆ ಬಿಸಿಗೆ ಬಾಡಿ ಒಂದು ಪರಿಮಳ ಬರ್ತಿತ್ತು. ಡೀಸೆಲಿನ ಬಾನೆಟ್ ಮೇಲೂ ಎಲೆ ಬಾಡ್ತದೆ, ಮೊನ್ನೆ ನೋಡಿದೆ.

ಉಪ್ಪಳದ ಲೇತ್:

ತುಂಬ ಸಂತೋಷ ಆಯಿತು. ಬೆಣೆ ಉಕ್ಕಿನದ್ದೇ ತಾನೆ? ಅಲ್ಯೂಮಿನಿಯಂ ಆದರೆ ಲೋಡಿಗೆ ಹಿಸುಕಿ ಹೋಗ್ತದೆ. ಪ್ಲೇಟ್ ಕಟ್ಟುವ ಯು ಬೋಲ್ಟ್ ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ಪೆರ್ಲದ ಒನ್ ಟನ್:

ಉಕ್ಕಿನದ್ದೇ ಅಣ್ಣ. ಬೋಲ್ಟ್ ನಾಳೆ ಬಿಗಿ ಮಾಡ್ತೇನೆ. ಭಾನುವಾರ ಗುಂಪು ಪೊಸಡಿಗುಂಪೆಗೆ ಹೊರಡ್ತದೆ, ಬೆಳಿಗ್ಗೆ ಆರಕ್ಕೆ ಬಂದ್ಯೋಡಿನಲ್ಲಿ ಸೇರಿ ಪೆರ್ಮುದೆ, ಧರ್ಮತ್ತಡ್ಕ ದಾರಿ. ಅಂದು ಕರಿಕೆಯಲ್ಲಿ ಇಳಿಸಿದ ಎಂಟೂ ಮಕ್ಕಳು ಹಿಂದಿನ ಬೆಂಚಿಗೇ ಬರ್ತಾರಂತೆ, ಫೋನ್ ಮಾಡಿ ಜಾಗ ಹಿಡಿದಿದ್ದಾರೆ. ಮುಂದಿನ ಸೀಟು ನಿಮಗೆ ಇಟ್ಟಿದ್ದೇನೆ.