ಚರ್ಮದ ಚಿಕ್ಕ ಚೀಲ: ಪಕ್ಕಪಟ್ಟಿಯ ರಂಧ್ರಗಳು ಮೂಲೆ ದಾಟಿದ ಮೇಲೆ ಹೊಂದುತ್ತಿಲ್ಲ

ಪ್ರಶ್ನೆ (ದಾವಣಗೆರೆ)

ನಮಸ್ಕಾರ. 200 ಮಿ.ಮೀ. ಅಗಲ, 150 ಮಿ.ಮೀ. ಎತ್ತರದ ಹೆಗಲುಚೀಲವೊಂದನ್ನು ಕೈಯಿಂದಲೇ ಹೊಲಿಯುತ್ತಿದ್ದೇನೆ. ಕೆಳಗಿನ ಮೂಲೆಗಳನ್ನು 30 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಕತ್ತರಿಸಿದ್ದೇನೆ; ಹೊಲಿಗೆಯ ಗೆರೆ ಅಂಚಿನಿಂದ 4 ಮಿ.ಮೀ. ಒಳಗಿದೆ, ರಂಧ್ರಗಳ ಅಂತರವೂ 4 ಮಿ.ಮೀ. ಮುಂಭಾಗದ ಅಂಚಿನ ಗುಂಟ ದಾರ ಹಿಡಿದು ಅಳೆದು, ಅಷ್ಟೇ ಉದ್ದದ ಪಕ್ಕಪಟ್ಟಿಯನ್ನು, ಅಂದರೆ ಮುಂಭಾಗ ಹಿಂಭಾಗಗಳ ನಡುವೆ ಪಕ್ಕ ಮತ್ತು ತಳವನ್ನು ಸುತ್ತುವ ಗಸೆಟ್ಟನ್ನು, ಕತ್ತರಿಸಿದ್ದರೂ ಹೊಲಿದು ಮುಗಿಸುವ ಹೊತ್ತಿಗೆ ಪಟ್ಟಿಯಲ್ಲಿ ಮೂರು ರಂಧ್ರಗಳು ಮಿಗುತ್ತವೆ. ಮೂಲೆಗಳಲ್ಲಿ ಪಟ್ಟಿಯ ಅಂಚು ಬಿಗಿದು ಮಡಚಿಕೊಳ್ಳುತ್ತದೆ. ಹಿಂಭಾಗವನ್ನು ಎದುರು ತುದಿಯಿಂದ ಹೊಲಿದಾಗ ಚೀಲವೇ ಒಂದು ಕಡೆಗೆ ವಾಲಿತು. ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆಯಬೇಕೇ?

ಉತ್ತರ (ಚಿತ್ರದುರ್ಗ)

ದಾರದ ಬಿಗಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚು ಎಳೆದರೆ ರಂಧ್ರ ಹರಿಯುತ್ತದೆ, ಅಷ್ಟೇ. ನೀವು ಅಳೆದದ್ದು ಅಂಚನ್ನು, ಹೊಲಿದದ್ದು ಅದಕ್ಕಿಂತ ಒಳಗಿನ ಗೆರೆಯನ್ನು. ನೇರ ಭಾಗದಲ್ಲಿ ಇವೆರಡರ ಉದ್ದ ಒಂದೇ, ಆದರೆ 30 ಮಿ.ಮೀ. ತ್ರಿಜ್ಯದ ಮೂಲೆಯಲ್ಲಿ ಅಂಚು ಸುಮಾರು 47 ಮಿ.ಮೀ. ಇದ್ದರೆ, 26 ಮಿ.ಮೀ. ತ್ರಿಜ್ಯದಲ್ಲಿ ಸಾಗುವ ಹೊಲಿಗೆಯ ಗೆರೆ ಸುಮಾರು 41 ಮಿ.ಮೀ. ಮಾತ್ರ. ಎರಡು ಮೂಲೆಗಳಿಗೆ ಹನ್ನೆರಡೂವರೆ ಮಿ.ಮೀ. ವ್ಯತ್ಯಾಸವಾಯಿತು, ನಿಮ್ಮ ಮೂರು ರಂಧ್ರಗಳು ಅವೇ. ಪಟ್ಟಿಯ ಉದ್ದ 474 ಅಲ್ಲ, 462 ಮಿ.ಮೀ. ಆಗಬೇಕಿತ್ತು.

ಇನ್ನು ಮುಂದೆ ಪಟ್ಟಿಯನ್ನು ಅಳತೆಗಿಂತ ಎಣಿಕೆಗೆ ಹೊಂದಿಸಿ. ಮುಂಭಾಗದಲ್ಲಿ ಮೊದಲು ರಂಧ್ರ ಹಾಕಿ (ಮೂಲೆಯಲ್ಲಿ ಎರಡು ಹಲ್ಲಿನ ಉಳಿಯನ್ನೇ ಬಳಸಿ), ತಳದ ನಡುವಿನ ರಂಧ್ರಕ್ಕೆ ಗುರುತು ಮಾಡಿ, ಅಲ್ಲಿಂದ ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಎಣಿಸಿ, ಪಟ್ಟಿಯ ಎರಡೂ ಅಂಚುಗಳಲ್ಲಿ ಅದರ ನಡುವಿನಿಂದಲೇ ಅಷ್ಟಷ್ಟು ರಂಧ್ರ ಹಾಕಿರಿ. ಚೀಲ ವಾಲಿದ್ದು ಈ ನಡು ತಪ್ಪಿದ್ದರಿಂದ: ಮಿಕ್ಕ ಉದ್ದ ಮುಂದೆ ಒಂದು ತುದಿಗೆ, ಹಿಂದೆ ಇನ್ನೊಂದು ತುದಿಗೆ ಸರಿದಿದೆ. ತಳದ ನಡು ಮತ್ತು ಮೂಲೆಗಳ ಆಚೀಚೆ ಕಚ್ಚಾ ಹೊಲಿಗೆ ಹಾಕಿಕೊಂಡರೆ, ನಿಜವಾದ ಹೊಲಿಗೆಯನ್ನು ಮೇಲಿನ ತುದಿಯಿಂದಲೇ ಆರಂಭಿಸಬಹುದು. ತಳದಲ್ಲಿ ದಾರದ ಗಂಟು ಬರುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಸವೆಯುವುದು ಆ ಜಾಗವೇ.

ಮೂಲೆಯ ಬಿಗಿತ ಬೇರೆ ವಿಷಯ. ಅಲ್ಲಿ 41 ಮಿ.ಮೀ. ಉದ್ದದ ಪಟ್ಟಿಯ ಅಂಚು 47ಕ್ಕೆ ಹಿಗ್ಗಬೇಕು. ಒಳಗಿನಿಂದ ಹೊಲಿದು ತಿರುಗಿಸುವ ಚೀಲವಾದರೆ ರಂಪಿಗೆಯಿಂದ (ಚರ್ಮ ಹೆರೆಯುವ ಉಳಿ) ಅಂಚನ್ನು ಸವರಿ ತೆಳುಗೊಳಿಸಿ, 2 ಮಿ.ಮೀ. ಆಳದ ನಾಲ್ಕೈದು ಕಚ್ಚು ಹಾಕಿ. ಕಚ್ಚು ಹೊಲಿಗೆಯ ಗೆರೆಯನ್ನು ಮುಟ್ಟಬಾರದು.

ಮರುಪ್ರಶ್ನೆ (ದಾವಣಗೆರೆ)

ಧನ್ಯವಾದಗಳು. ಆದರೆ ನನ್ನ ಚೀಲದ ಅಂಚು ಹೊರಗೇ ಕಾಣುತ್ತದೆ. ಕಚ್ಚು ಹಾಕಿದರೆ ಅಂದಗೆಡುತ್ತದೆ. ಮೂಲೆಯನ್ನು ಇನ್ನಷ್ಟು ದುಂಡಗೆ ಮಾಡಿದರೆ ಸರಿಹೋದೀತೇ?

ಉತ್ತರ (ಚಿತ್ರದುರ್ಗ)

ಸುಲಭವಾಗುತ್ತದೆ. ತ್ರಿಜ್ಯ ಎಷ್ಟೇ ಇರಲಿ, ಒಂದು ಮೂಲೆಯ ವ್ಯತ್ಯಾಸ ಅದೇ ಆರು ಮಿ.ಮೀ. ಚಿಲ್ಲರೆ, ಆದರೆ 45 ಮಿ.ಮೀ. ತ್ರಿಜ್ಯದಲ್ಲಿ ಅದು 64 ಮಿ.ಮೀ. ಉದ್ದಕ್ಕೆ ಹಂಚಿಹೋಗುವುದರಿಂದ ಚರ್ಮ ನೂರಕ್ಕೆ ಹದಿನೈದರ ಬದಲು ಹತ್ತರಷ್ಟು ಹಿಗ್ಗಿದರೆ ಸಾಕು. ವ್ಯತ್ಯಾಸವನ್ನೇ ತಗ್ಗಿಸಬೇಕೆಂದರೆ ಹೊಲಿಗೆಯ ಗೆರೆಯನ್ನು ಅಂಚಿನಿಂದ 4ರ ಬದಲು 3 ಮಿ.ಮೀ. ಒಳಗೆ ಹಾಕಿ.

ಚರ್ಮ ಯಾವುದೆಂದೂ ನೋಡಿ. ಕತ್ತರಿಸಿದ ಅಂಚಿನ ನಡುವೆ ನೀಲಿ ಮಿಶ್ರಿತ ಬೂದು ಬಣ್ಣ ಕಂಡರೆ ಅದು ಸಾಮಾನ್ಯವಾಗಿ ಕ್ರೋಮ್ ಹದದ್ದು (ಕ್ರೋಮಿಯಂ ಲವಣದಿಂದ ಹದ ಮಾಡಿದ್ದು); ಒದ್ದೆ ಮಾಡಿ ಬಾಗಿಸಿದರೂ ಒಣಗಿದ ಮೇಲೆ ಆಕಾರ ನಿಲ್ಲುವುದಿಲ್ಲ. ತೊಗಟೆಯ ಹದದ ಚರ್ಮ (ನಮ್ಮ ಬಯಲುಸೀಮೆಯ ತಂಗಡಿ ಗಿಡದ ತೊಗಟೆ ಈ ಕೆಲಸಕ್ಕೆ ಹಳೆಯದು) ನಿಲ್ಲುತ್ತದೆ. ಅಂತಹ ಪಟ್ಟಿಯ ಅಂಚನ್ನು ಒದ್ದೆ ಮಾಡಿ, ಬೆರಳಿನಿಂದ ಸ್ವಲ್ಪಸ್ವಲ್ಪವೇ ಎಳೆದು ಹೊರಕ್ಕೆ ಬಾಗಿಸಿ, ಮೂಲೆಯ ಆಕಾರದ ಹಲಗೆಗಳ ನಡುವೆ ಬಿಗಿದು ನೆರಳಿನಲ್ಲಿ ಒಣಗಿಸಿ. ರಂಧ್ರಗಳನ್ನು ಹಾಕುವುದು ಆಮೇಲೆ. ದಾವಣಗೆರೆಯ ಬೇಸಿಗೆಯಲ್ಲಿ ಚರ್ಮ ಬೇಗ ಆರುವುದರಿಂದ ಬಾಗಿಸುವವರೆಗೂ ಒದ್ದೆ ಬಟ್ಟೆ ಸುತ್ತಿಟ್ಟಿರಿ.