1978ರ ಪದ್ಮಿನಿಯೋ, 1984ರ ಮಾರುತಿಯೋ?

ಪ್ರಶ್ನೆ:
ಮೈಸೂರಿನಲ್ಲಿ ಎರಡು ಕಾರು ಮಾರಾಟಕ್ಕಿವೆ. ಒಂದು 1978ರ ಪ್ರೀಮಿಯರ್ ಪದ್ಮಿನಿ, ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ ಇರುವಂಥದ್ದು. ಇನ್ನೊಂದು 1984ರ ಮಾರುತಿ 800, ಮೊದಲ ಎಸ್‌ಎಸ್80 ಮಾಡೆಲ್. ಎರಡರ ಆರ್‌ಸಿಯೂ ಚಾಲ್ತಿಯಲ್ಲಿದೆ, ಬೆಲೆಯೂ ಹತ್ತಿರ ಹತ್ತಿರ. ಭಾನುವಾರದ ಓಡಾಟ, ಆಗಾಗ ಚಾಮುಂಡಿ ಬೆಟ್ಟ, ಅಷ್ಟೇ. ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳಬೇಕೆಂದಿದೆ. ಯಾವುದು ಸರಿ, ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಉತ್ತರ 1:
ಕೈಯಾರೆ ಕೆಲಸ ಮಾಡುವ ಆಸೆಯಿದ್ದರೆ ಪದ್ಮಿನಿಯೇ ಸರಿ. 1089 ಸಿಸಿ, ನಾಲ್ಕು ಸಿಲಿಂಡರ್. ಬಾನೆಟ್ ಎತ್ತಿದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪ್ ಎಲ್ಲಕ್ಕೂ ಕೈ ಹೋಗುತ್ತದೆ. ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕಗಳ ನಡುವಿನ ಸಂದು) 0.4ರಿಂದ 0.5 ಮಿ.ಮೀ. ಒಳಗಿರಲಿ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಒಂದು ಇದ್ದರೆ ಸಾಕು.

ಮೊದಲು ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ ಅಲುಗಾಟ, ಕಂಡರೆ ಇನ್ನೊಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್) ಸವೆದಿದೆ. ಹೊತ್ತಿಗೆ ಸರಿಯಾಗಿ ಗ್ರೀಸ್ ಹೊಡೆಯದ ಗಾಡಿಗಳಲ್ಲಿ ಇದು ತಪ್ಪಿದ್ದಲ್ಲ. ಗೇರ್ ಸಿಕ್ಕಿಹಾಕಿಕೊಂಡರೆ ಗೇರ್‌ಬಾಕ್ಸ್ ಹೋಗಿದೆಯೆಂದು ಹೆದರಬೇಡಿ, ಹೆಚ್ಚಿನ ಸಲ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಲಿಂಕೇಜ್ ಸರಳುಗಳ ಬುಷ್‌ಗಳು ಸವೆದಿರುತ್ತವೆ, ಅಷ್ಟೇ.

ಎಂಜಿನ್ನಿನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಒಮ್ಮೆ ಚೆನ್ನಾಗಿ ಹೀಟ್ ಆದರೆ ಹೆಡ್ ಸೊಟ್ಟಗಾಗಿ, ಎರಡರ ನಡುವಿನ ಸೀಲ್ ಆದ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಕ್ಯಾಪ್ ಒಳಗೆ ಬಿಳಿ ಕೆನೆ ಕಟ್ಟಿದ್ದರೆ ಆಯಿಲ್‌ಗೆ ನೀರು ಸೇರಿದೆಯೇ ಎಂದು ಅನುಮಾನಪಡಿ. ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಕಟ್ಟುವ ಒತ್ತಡ, ನೋಡಿಸಿ, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10-15ರೊಳಗಿರಬೇಕು.

ಉತ್ತರ 2:
ಬೆಟ್ಟ ಹತ್ತಬೇಕು ಎಂದಿದ್ದೀರಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಇಳಿಯುವಾಗ ತುಳಿದೇ ಇದ್ದರೆ ಡ್ರಮ್ ಕಾಯುತ್ತದೆ, ಬ್ರೇಕ್ ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒಂದೇ ಕಡೆಗೆ ಎಳೆದರೆ ಚಕ್ರದಲ್ಲಿ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರ್ ಜಾಮ್ ಆಗಿದೆಯೇ ನೋಡಿ.

ಎಸ್‌ಎಸ್80 ಪದ್ಮಿನಿಗಿಂತ ಇನ್ನೂರು ಕೆ.ಜಿ.ಗೂ ಹೆಚ್ಚು ಹಗುರ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನೇ ಓಮ್ನಿಗೂ ಬಂದದ್ದರಿಂದ ಎಂಜಿನ್ ಸಾಮಾನು ಸಿಗುತ್ತದೆ. ತೊಂದರೆ ಬಾಡಿಯದ್ದು. 1986ರಲ್ಲಿ ಮಾಡೆಲ್ ಬದಲಾಯಿತು. ಆಮೇಲಿನ 800ರ ಲ್ಯಾಂಪು, ಬಾಗಿಲು, ಗ್ಲಾಸು ಇದಕ್ಕೆ ಕೂರುವುದಿಲ್ಲ. ಒಂದು ಟೈಲ್ ಲ್ಯಾಂಪ್ ಒಡೆದರೂ ಹುಡುಕಾಟ ಶುರು. ಆದ್ದರಿಂದ ಬಿಡಿಭಾಗ ಎಲ್ಲ ಇದ್ದರೆ ಮಾತ್ರ ಮುಟ್ಟಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ. ಕಟಕಟ ಸದ್ದು ಬಂದರೆ ಸಿವಿ ಜಾಯಿಂಟ್ (ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಮುಟ್ಟಿಸುವ ಕೀಲು) ಹೋಗಿದೆ, ಅದರ ರಬ್ಬರ್ ಬೂಟ್ ಹರಿದು ಮಣ್ಣು ಸೇರಿರುತ್ತದೆ. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಲು ಪದ್ಮಿನಿಯಲ್ಲಿರುವುದು ಟೈಮಿಂಗ್ ಚೈನು, ಮಾರುತಿಯಲ್ಲಿ ಬೆಲ್ಟು. ಬೆಲ್ಟು ಯಾವಾಗ ಬದಲಾಯಿಸಿದ್ದೆಂದು ದಾಖಲೆಯಿಲ್ಲದಿದ್ದರೆ ತಂದ ದಿನವೇ ಹೊಸದು ಹಾಕಿ.

ಉತ್ತರ 3:
ಯಾವುದೇ ಆಗಲಿ, ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ಮ್ಯಾಟ್ ಎತ್ತಿ ಫ್ಲೋರ್, ಬಾಗಿಲ ಕೆಳಗಿನ ಸಿಲ್, ಬ್ಯಾಟರಿ ಟ್ರೇ ಸ್ಕ್ರೂಡ್ರೈವರಿನಿಂದ ಒತ್ತಿ. ಆಯಸ್ಕಾಂತ ಅಂಟದ ಕಡೆ ಪೇಂಟಿನ ಕೆಳಗೆ ಪುಟ್ಟಿಯಿದೆ. ಎಂಜಿನ್ ಕೆಲಸಕ್ಕೆ ಇಷ್ಟೇ ಅಂತ ಖರ್ಚು ಹೇಳಬಹುದು, ಟಿಂಕರಿಂಗ್‌ಗೆ, ಅಂದರೆ ಬಾಡಿಯ ತಗಡು ಕೆಲಸಕ್ಕೆ, ಹೇಳಲಾಗದು.

ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ, ಪೆಟ್ರೋಲಿಗೆ ಹಳೆ ರಬ್ಬರ್ ತಡೆಯುವುದಿಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಥೆನಾಲ್ ತಾಳುವಂಥದ್ದಕ್ಕೆ ಬದಲಾಯಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಡಿ, ಎಥೆನಾಲ್ ನೀರು ಹೀರಿಕೊಳ್ಳುತ್ತದೆ.

ವಿಂಟೇಜ್ ನೋಂದಣಿಗೆ, ಅಂದರೆ 'ವಿಎ' ನಂಬರ್ ಪ್ಲೇಟಿಗೆ, ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು. ಪದ್ಮಿನಿಗೆ ಅದು 2028ರಲ್ಲಿ, ಮಾರುತಿಗೆ 2034ರಲ್ಲಿ. ಆದರೆ ಆ ಪ್ಲೇಟ್ ಹಾಕಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಮ್ಮ ಉದ್ದೇಶಕ್ಕೆ ಈಗಿರುವ ಆರ್‌ಸಿಯನ್ನೇ ನವೀಕರಿಸುತ್ತಾ ಹೋಗುವುದು ಒಳ್ಳೆಯದು. ಚಾಸಿಸ್ ನಂಬರ್ ಆರ್‌ಸಿಗೆ ಅಕ್ಷರಶಃ ತಾಳೆಯಾಗುವವರೆಗೆ ಅಡ್ವಾನ್ಸ್ ಕೊಡಬೇಡಿ.